‘ನಿವ’ ಒತ್ತಿದರೆ ಇಡೀ ಅರ್ಜಿ

ಬಸವಕಲ್ಯಾಣದ ತಹಸೀಲ ಕಚೇರಿಯ ಎದುರಿಗೆ ಲಾಲಪ್ಪನವರ ಟೈಪಿಂಗ್ ಅಂಗಡಿ. ಟೈಪ್‌ರೈಟರಿನ ಕಾಲದಿಂದ ಅರ್ಜಿ ಬರೆಯುತ್ತ ಬಂದವರು ಅವರು. ಅವರದೊಂದು ಕಟ್ಟಳೆ: ಕಾಗದ ಅಚ್ಚಾಗಿ ಬಂದ ಕೂಡಲೆ ಅದರೊಳಗಿನ ವಿಷಯವನ್ನು ಕಂಪ್ಯೂಟರಿನಿಂದ ಅಳಿಸಿಬಿಡಬೇಕು. “ಮಂದಿ ಮನಿ ಮಾತು ನಮ್ಮ ಮಶೀನಿನ್ಯಾಗ ಯಾಕ?” ಎನ್ನುತ್ತಿದ್ದರು. ಅವರ ಬಳಿ ಕೆಲಸಕ್ಕಿದ್ದ ಸ್ನೇಹಲ ಆ ಮಾತನ್ನು ಎಂದೂ ಮೀರಿದವಳಲ್ಲ.

ಎಂಟು ದಿನದ ಹಿಂದೆ ಅವಳೊಂದು ಹೊಸ ಸಾಫ್ಟ್‌ವೇರ್ ಹಾಕಿಕೊಂಡಿದ್ದಳು. ಪದೇ ಪದೇ ಬರುವ ಒಕ್ಕಣೆಯನ್ನು ಒಮ್ಮೆ ಅದಕ್ಕೆ ಕೊಟ್ಟಿಟ್ಟರೆ ಸಾಕು. ಆಮೇಲೆ ‘ನಿವ’ ಎಂದು ಎರಡಕ್ಷರ ಒತ್ತಿದರೆ ನಿವೇಶನದ ಅರ್ಜಿ ‘ಮಾನ್ಯರೇ’ಯಿಂದ ಕೊನೆಯ ಸಾಲಿನವರೆಗೆ ತಾನೇ ಇಳಿಯುತ್ತಿತ್ತು. ಹೆಸರು, ಗಂಡನ ಹೆಸರು, ಮನೆ ನಂಬರು ಮಾತ್ರ ತುಂಬಬೇಕು. ಒಕ್ಕಣೆಗಳನ್ನು ಲಾಲಪ್ಪನವರ ಹಳೆಯ ಕಡತದಿಂದ ಇದ್ದದ್ದು ಇದ್ದ ಹಾಗೆ ಎತ್ತಿಕೊಂಡಿದ್ದಳು.

ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಹುಮನಾಬಾದ ತಾಲೂಕಿನ ಘಾಟಬೋರಾಳದಿಂದ ಅವಳ ಚಿಗವ್ವ ದ್ರೌಪತಿ ಏದುಸಿರು ಬಿಡುತ್ತ ಬಂದು ನಿಂತಳು.

“ಮೂವತ್ತೆರಡು ಹೆಣ್ಮಕ್ಕಳದು ಜಾಗದ ಅರ್ಜಿ. ಇವತ್ತೇ ಕಡೀ ದಿನ. ಐದರೊಳಗ ಹುಮನಾಬಾದಿನ್ಯಾಗ ಕೊಡಬೇಕು, ಒಬ್ಬೊಬ್ಬರದು ಬ್ಯಾರೆ ಬ್ಯಾರೆ.”

“ಅಲ್ಲಿ ಟೈಪ್ ಮಾಡವರು ಇಲ್ಲೇನ ಚಿಗವ್ವ?”

“ಅದಾರ. ಮೂವತ್ತೆರಡು ಅಂದ್ರ ನಾಳಿ ಬರ್ರಿ ಅಂತಾರ. ಮೊನ್ನಿ ಫೋನಿನ್ಯಾಗ ಎರಡಕ್ಷರಕ್ಕ ಅರ್ಜಿ ಇಳಸ್ತೀನಿ ಅಂದಿದ್ದಿಲ್ಲ ನೀ? ಬಡಾಯಿ ಆಗಿದ್ರ ಈಗೇ ಹೇಳಿಬಿಡು.”

ಒಂದೇ ತಗಡಿನ ಕೆಳಗೆ ಮೂರು ಸಂಸಾರ ಇರುವ ಓಣಿ ದ್ರೌಪತಿಯದು. ಇಂದು ತಪ್ಪಿದರೆ ಸ್ವಂತ ಜಾಗದ ಮಾತು ಮತ್ತೆ ಯಾವಾಗಲೋ. ಸ್ನೇಹಲ ಕುರ್ಚಿ ಎಳೆದುಕೊಂಡಳು. ‘ನಿವ’, ಪುಟ ಇಳಿಯಿತು, ಹೆಸರು ತುಂಬಿತು, ಅಚ್ಚಾಯಿತು, ಅಳಿಯಿತು. ಮತ್ತೆ ‘ನಿವ’. ಲಾಲಪ್ಪ ಚಶ್ಮಾ ಹಣೆಗೇರಿಸಿ ನಿಂತು, “ಏನ್ ಮಾಟ ಮಾಡಾಕತ್ತೀಯವ್ವ!” ಎಂದರು. ಎರಡು ಗಂಟೆಗೆ ಮೂವತ್ತೆರಡೂ ಮುಗಿದವು. ಸ್ನೇಹಲಳಿಗೆ ಕುಣಿಯುವಷ್ಟು ಹಿಗ್ಗು.

ದ್ರೌಪತಿ ಮೇಲಿನ ಹಾಳೆ ತೆಗೆದುಕೊಂಡು ಬೆರಳಿಟ್ಟು ಓದುತ್ತ ಹೋಗಿ, ಕೊನೆಯ ಸಾಲಿನಲ್ಲಿ ನಿಂತಳು.

“‘ಎಡಗೈ ಹೆಬ್ಬೆಟ್ಟಿನ ಗುರುತು.’ ಇದು ಯಾರದು?”

“ಹೆಣ್ಮಕ್ಕಳ ಅರ್ಜಿಗೆ ಮೊದಲಿಂದ ಹಂಗೇ ಬರಿತೀವಿ ಬಾಯಿ,” ಎಂದರು ಲಾಲಪ್ಪ. “ಒತ್ತಿಬಿಡ್ರಿ, ನಡೀತದ. ಟೈಮ್ ಇಲ್ಲ.”

“ಆರು ತಿಂಗಳು ದಿನಾ ಕೂಲಿ ಮುಗಿಸಿ ಬಂದು ಬುದ್ಧ ವಿಹಾರದಾಗ ಕುಂತು ಸಹಿ ಕಲ್ತೀವ್ರಿ, ಮೂವತ್ತೆರಡೂ ಮಂದಿ. ಹೆಬ್ಬೆಟ್ಟು ಒತ್ತಂಗಿಲ್ಲ.”

“ಕಾಟು ಹೊಡದು ತಿದ್ದಿದ್ರ ಆಫೀಸಿನವರು ತಗೋಳಂಗಿಲ್ಲ.”

ಸ್ನೇಹಲ ಆ ಹಾಳೆ ಕಸಿದುಕೊಂಡು ನೋಡಿದಳು. ಯಂತ್ರ ಇಳಿಸಿದ್ದನ್ನು ಅವಳು ಒಮ್ಮೆಯೂ ಪೂರ್ತಿ ಓದಿರಲಿಲ್ಲ. ತಿದ್ದೋಣವೆಂದರೆ ಕಂಪ್ಯೂಟರಿನಲ್ಲಿ ಒಂದು ಅರ್ಜಿಯೂ ಉಳಿದಿಲ್ಲ. ಬಸ್ಸು ಮೂರಕ್ಕೆ.

ಅವಳು ಮೂಲ ಒಕ್ಕಣೆಯನ್ನೇ ತೆರೆದಳು. ಆ ಸಾಲು ಕಿತ್ತು ‘ಅರ್ಜಿದಾರರ ಸಹಿ’ ಎಂದು ಬರೆದು, ಈ ಸಲ ಮೇಲಿಂದ ಕೆಳಗಿನವರೆಗೆ ಓದಿದಳು.

“ಚಿಗವ್ವ, ಈ ಹಾಳಿ ನೋಡಿ ನೀ ಹೆಸರು ಓದು. ನಾ ತಲಿ ಎತ್ತಂಗಿಲ್ಲ.”

ದ್ರೌಪತಿ ಮೊದಲೆರಡು ಹೆಸರಿಗೆ ತಡವರಿಸಿದಳು. ಆಮೇಲೆ ಹರಾಜು ಕೂಗುವವರ ದನಿ ಬಂತು. “ಯಶೋದಾಬಾಯಿ, ಗಂಡ ಪಂಡರಿ, ಮನಿ ನಂಬರ್ ನಲವತ್ತೇಳು! ಮುಂದ!” ಲಾಲಪ್ಪ ಬಂದ ಗಿರಾಕಿಗಳನ್ನು, “ಮೂರರ ಮ್ಯಾಲ ಬರ್ರಿ,” ಎಂದು ತಿರುಗಿ ಕಳಿಸಿ, ತಾವೇ ಪ್ರಿಂಟರಿಗೆ ಹಾಳೆ ಹಾಕುತ್ತ ಕುಳಿತರು. ಮೊದಲು ಒಂದು ತಾಸು ಹಿಡಿದ ಕೆಲಸ ಅರ್ಧ ತಾಸಿಗೆ ಮುಗಿಯಿತು.

“ನೀನೂ ಹೋಗವ್ವ,” ಎಂದರು ಲಾಲಪ್ಪ. “ಇಲ್ಲಿ ಕುಂತ್ರ ಗಡಿಯಾರ ನೋಡಿ ನೋಡಿ ಸಾಯ್ತಿ.”

ಹುಮನಾಬಾದಿನ ಕಚೇರಿ ಮುಟ್ಟಿದಾಗ ನಾಲ್ಕೂ ಕಾಲು. ಮೂವತ್ತೊಂದು ಹೆಂಗಸರು ಅಂಗಳದಲ್ಲಿ ಕಾದಿದ್ದರು. ಟೇಬಲ್ಲಿಲ್ಲ, ಇದ್ದದ್ದು ಒಂದೇ ಪೆನ್ನು. ಸ್ನೇಹಲ ಓಡಿಹೋಗಿ ಹತ್ತು ಪೆನ್ನು ತಂದಳು. ಎಲ್ಲರೂ ಸಾಲಾಗಿ ನಿಂತು, ಮುಂದಿನವಳ ಬೆನ್ನ ಮೇಲೆ ಹಾಳೆಯಿಟ್ಟು ಬರೆಯತೊಡಗಿದರು.

“ಲೇ, ನಗಬ್ಯಾಡ! ನಿನ್ನ ಬೆನ್ನು ಕುಣಿದ್ರ ನನ್ನ ಅಕ್ಷರಾನೂ ಕುಣೀತಾವ!”

“ಕಚಗುಳಿ ಇಟ್ರ ನಗದೇ ಏನ್ ಮಾಡ್ಲಿ?”

ಒಂದೊಂದು ಅಕ್ಷರಕ್ಕೂ ಒಂದೊಂದು ಯುಗ. ಸ್ನೇಹಲ ಗಡಿಯಾರ ನೋಡಿದಳು, ಸಾಲು ನೋಡಿದಳು, ಮತ್ತೆ ಗಡಿಯಾರ. ಅವಸರ ಮಾಡಿ ಎನ್ನಲು ಬಾಯಿ ತೆರೆದವಳು, ನಾಲಿಗೆ ಕಚ್ಚಿ ಬರೆಯುತ್ತಿದ್ದ ಯಶೋದಾಬಾಯಿಯ ಮುಖ ಕಂಡು, ಅವಳ ಹಾಳೆ ಅಲುಗದಂತೆ ಅಂಚು ಹಿಡಿದಳು.

ಕಿಟಕಿಯ ಗುಮಾಸ್ತ ಹಾಳೆಗಳನ್ನು ತಿರುವಿದ. “ಎಲ್ಲಾ ಒಂದೇ ನಮೂನಿ ಅದಾವಲ್ಲ. ಯಾರ್ ಬರದಾರ?”

“ಟೈಪ್ ಈಕೀದು,” ಎಂದಳು ದ್ರೌಪತಿ. “ಸಹಿ ನಮ್ಮವು. ಅವು ಒಂದರಂಗ ಒಂದಿಲ್ಲ, ನೋಡ್ರಿ.”

ಅವನು ನೋಡಿದ. ಮುದ್ರೆ ಎತ್ತಿಕೊಂಡ. ಠಪ್, ಠಪ್ ಎಂದು ಬೀಳುತ್ತಿದ್ದಂತೆ ಹೆಂಗಸರೆಲ್ಲ ದನಿಗೂಡಿಸಿ ಎಣಿಸಿದರು. ಮೂವತ್ತೆರಡು ಎಂದು ಅವರು ಕೂಗಿದಾಗ ಐದಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು.