ಹಿಡಿದದ್ದು ಬಿಡದ ಕೈ

ತಾರ್ಹೇಲಿಯಾಳ ಊರಿನಲ್ಲಿ ಹೆಂಗಸರು ನಡೆಯುತ್ತಲೇ ಟೋಪಿ ಹೆಣೆಯುತ್ತಾರೆ. ಬೆಟ್ಟ ಇಳಿಯುವಾಗ, ಬಸ್ಸಿಗೆ ಕಾಯುವಾಗ, ಸತ್ತವರ ಮನೆಯಲ್ಲಿ ಕೂತಾಗ, ಹುಲ್ಲಿನ ಎಳೆಗಳ ನಡುವೆ ಬೆರಳು ಓಡುತ್ತಲೇ ಇರುತ್ತದೆ. ಇಗರ್ಜಿಯ ಪೂಜೆಯ ಹೊತ್ತೊಂದು ಬಿಟ್ಟರೆ ಕೈಗೆ ಬಿಡುವಿಲ್ಲ. ಖಾಲಿ ಕೈಯಲ್ಲಿ ಕೂತವಳನ್ನು ಕಂಡರೆ ಒಂದೋ ಬಾಣಂತಿ, ಇಲ್ಲವೇ ಸೋಮಾರಿ ಎಂದುಕೊಳ್ಳುತ್ತಾರೆ. ತಾರ್ಹೇಲಿಯಾ ಐದನೆಯ ವರ್ಷಕ್ಕೆ ಎಳೆ ಹಿಡಿದವಳು. ಈಗ ಅವಳಿಗೆ ಐವತ್ತೆರಡು.

ಏಳು ವರ್ಷದಿಂದ ಅವಳ ಕೈ ಹಿಡಿದದ್ದನ್ನು ಬಿಡುತ್ತಿರಲಿಲ್ಲ. ಬೆಳಿಗ್ಗೆ ಪಾತ್ರೆಯ ಹಿಡಿಕೆ ಹಿಡಿದರೆ ಹಿಡಿದ ಹಾಗೇ. ಬಿಡು ಎಂದು ಮನಸ್ಸು ಹೇಳಿದರೆ ಬೆರಳು ಕೇಳುತ್ತಿರಲಿಲ್ಲ. ಎಡಗೈಯಿಂದ ಒಂದೊಂದನ್ನೇ ಬಿಡಿಸಿಕೊಳ್ಳಬೇಕು. ಎರಡು ವರ್ಷದಿಂದ ಕಾಲೂ ಎಡವತೊಡಗಿತ್ತು. ನೋವು ಮಾತ್ರ ಇರಲಿಲ್ಲ. ನೋವಿಲ್ಲದ ಕಾಯಿಲೆಯನ್ನು ಯಾರು ನಂಬುತ್ತಾರೆ?

ಒಂದು ಭಾನುವಾರ ಪೂಜೆಯಲ್ಲಿ, ಪಕ್ಕದವರ ಕೈ ಹಿಡಿದು ಶಾಂತಿ ಹೇಳುವ ಹೊತ್ತಿಗೆ, ಮುದಿ ಬಡಗಿಯ ಕೈ ಹಿಡಿದವಳು ಬಿಡಲಾಗದೆ ನಿಂತಳು. ನೆರೆಮನೆಯ ಲುಸ್ಮಿಲಾ ಹಿಂದಿನ ಬೆಂಚಿನಿಂದ ಮೆಲ್ಲಗೆ, "ಬಿಡೇ ಅವ್ನ. ಹೆಂಡ್ತಿ ಸತ್ತು ಇನ್ನೂ ವರ್ಷ ತುಂಬಿಲ್ಲ," ಎಂದಳು. ಸುತ್ತ ನಿಂತವರು ಶಾಲಿನ ಮರೆಯಲ್ಲಿ ನಕ್ಕರು. ಆಮೇಲಿಂದ ತಾರ್ಹೇಲಿಯಾ ಗೋಡೆಯ ಪಕ್ಕ, ಯಾರೂ ಇಲ್ಲದ ಕಡೆ ಕೂರತೊಡಗಿದಳು.

ಅವಳ ಅಪ್ಪನಿಗೂ ಹೀಗೇ ಆಗಿತ್ತು. ಗುದ್ದಲಿ ಹಿಡಿದು ಹೊಲದಲ್ಲಿ ನಿಂತೇ ಇರುತ್ತಿದ್ದ. ಹತ್ತು ವರ್ಷದ ಹುಡುಗಿ ಓಡಿಹೋಗಿ, ಕಿರುಬೆರಳಿಂದ ಶುರುಮಾಡಿ, ಒಂದೊಂದೇ ಬೆರಳು ಬಿಡಿಸಿ ಮನೆಗೆ ಕರೆತರುತ್ತಿದ್ದಳು. ಕೆಟ್ಟ ಗಾಳಿ ಬಡಿದಿದೆ ಎಂದು ಮಂತ್ರದ ಮುದುಕಿ ಮೊಟ್ಟೆ ನಿವಾಳಿಸಿದಳು. ಗಾಳಿ ಹೋಗಲಿಲ್ಲ. ಕಾಲು ಹೋಯಿತು. ಕಡೆಗೆ ಗಂಜಿಯೂ ಗಂಟಲಲ್ಲಿ ಇಳಿಯದೆ ಅಪ್ಪ ಹೋದ. ಅದಕ್ಕೊಂದು ಹೆಸರಿದೆಯೆಂದು ಆಗ ಯಾರೂ ಯೋಚಿಸಲಿಲ್ಲ.

ತನಗೆ ಬಂದಿದ್ದರೆ ಬರಲಿ, ಸುಮ್ಮನಿದ್ದುಬಿಡುತ್ತಿದ್ದಳೇನೋ. ಆದರೆ ಮಗಳು ನೂಬೆ ಈಗ ನಾಲ್ಕು ತಿಂಗಳ ಬಸುರಿ. ಇದು ರಕ್ತದಲ್ಲಿ ಇಳಿದು ಬರುವಂಥದ್ದೇ, ಹುಟ್ಟುವ ಕೂಸಿಗೂ ಬರುತ್ತದೆಯೇ? ತಾರ್ಹೇಲಿಯಾಳಿಗೆ ಅಷ್ಟು ಗೊತ್ತಾಗಬೇಕಿತ್ತು.

ಕ್ವೆಂಕಾ ಪಟ್ಟಣದಲ್ಲಿ ಐದು ಡಾಕ್ಟರುಗಳನ್ನು ನೋಡಿಯಾಗಿತ್ತು. ಕತ್ತಲಿರುವಾಗಲೇ ಎದ್ದು ಬಸ್ಸು ಹತ್ತುವುದು, ದಾರಿಯುದ್ದ ಹೆಣೆಯುವುದು, ಸಾಲಿನಲ್ಲಿ ಕೂತು ಹೆಣೆಯುವುದು, ಹೆಸರು ಕರೆದಾಗ ಎಳೆಗಳನ್ನು ಮಡಚಿ ಒಳಗೆ ಹೋಗುವುದು. "ಮುಷ್ಟಿ ಹಿಡೀರಿ. ಬಿಡಿ," ಎನ್ನುತ್ತಿದ್ದರು. ಬೆರಳು ಹೂವಿನ ಹಾಗೆ ಅರಳುತ್ತಿತ್ತು. ಒಬ್ಬರು ವಾತ ಅಂದರು. ಒಬ್ಬರು ವಯಸ್ಸು ಅಂದರು. ಮೂರನೆಯವರು, "ಗಂಡ ತೀರ್ಕೊಂಡು ಎಷ್ಟು ವರ್ಷ ಆಯ್ತಮ್ಮ?" ಎಂದು ಕೇಳಿ ನಿದ್ದೆಯ ಮಾತ್ರೆ ಬರೆದರು. ಮನೆಗೆ ಬಂದು ಮರುಬೆಳಿಗ್ಗೆ ಪಾತ್ರೆ ಹಿಡಿದರೆ ಮತ್ತೆ ಅದೇ ಕತೆ. ತಾನೇ ಸುಳ್ಳು ಹೇಳುತ್ತಿದ್ದೇನೋ ಎಂದು ಅವಳಿಗೂ ಅನ್ನಿಸತೊಡಗಿತ್ತು.

ಆರನೆಯ ಸಲ ನೂಬೆಯೂ ಜೊತೆಗೆ ಬಂದಳು. ಬಸ್ಸಿನಲ್ಲಿ ಕೂತ ಕೂಡಲೇ ಅಮ್ಮನ ಮಡಿಲಿಂದ ಟೋಪಿ ಎಳೆದುಕೊಂಡಳು.

"ಕೊಡಮ್ಮ ಇಲ್ಲಿ. ಚಳಿಗೆ ಕೈ ಮರಗಟ್ಟಿದೆ. ನಾಲ್ಕು ಸಾಲು ಹೆಣೆದ್ರೆ ಸರಿಹೋಗುತ್ತೆ."

"ನಿಂದು ಎಲ್ಲಿ?"

"ಮರೆತು ಬಂದೆ. ನಿನ್ನ ಮಗಳಲ್ವಾ."

ತಾರ್ಹೇಲಿಯಾ ಕೊಟ್ಟಳು. ಅಂದು ದಾರಿಯುದ್ದಕ್ಕೂ, ಆಸ್ಪತ್ರೆಯ ಸಿಮೆಂಟಿನ ಬೆಂಚಿನ ಮೇಲೂ, ಅವಳ ಕೈ ಖಾಲಿ. ನಾಚಿಕೆಯಾಗಿ ಶಾಲಿನೊಳಗೆ ಬಚ್ಚಿಟ್ಟುಕೊಂಡಳು.

ಹೊಸ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಎದ್ದು ನಿಂತು ಕೈ ಚಾಚಿದಳು. ತಾರ್ಹೇಲಿಯಾ ಹಿಡಿದಳು. ಹಿಡಿದದ್ದು ಬಿಡಲಿಲ್ಲ.

"ಬಿಡಿಯಮ್ಮ, ನಾನೆಲ್ಲಿಗೂ ಓಡಿಹೋಗಲ್ಲ," ಎಂದು ಡಾಕ್ಟರಮ್ಮ ನಕ್ಕಳು. ಆಮೇಲೆ ನಗು ನಿಂತಿತು. ಕೈ ಎಳೆದುಕೊಳ್ಳದೆ, ಒಂದೊಂದಾಗಿ ಬಿಚ್ಚುತ್ತಿದ್ದ ಆ ಬೆರಳುಗಳನ್ನೇ ನೋಡುತ್ತ ನಿಂತಳು.

ಸಣ್ಣ ಸುತ್ತಿಗೆಯಿಂದ ಹೆಬ್ಬೆರಳಿನ ಬುಡಕ್ಕೆ ತಟ್ಟಿದಳು. ಹೆಬ್ಬೆರಳು ಒಳಗೆ ಮಡಚಿ ಅಲ್ಲೇ ಉಳಿಯಿತು. ಪಕ್ಕದ ಕೋಣೆಯಲ್ಲಿ ಸ್ನಾಯು ಪರೀಕ್ಷೆಯ ಯಂತ್ರದ ಸೂಜಿಯನ್ನು ತೋಳಿಗೆ ಚುಚ್ಚಿದಾಗ ಅದರಿಂದ ಸದ್ದು ಬಂತು: ದೂರದ ಇಳಿಜಾರಿನಲ್ಲಿ ಮೋಟಾರ್ ಸೈಕಲ್ ಹೋಗಿ ಮತ್ತೆ ಏರಿ ಬಂದಂತೆ.

"ಇಷ್ಟು ವರ್ಷ ಯಾರಿಗೂ ಕಾಣಲಿಲ್ವಾ?"

"ಅವರ ಮುಂದೆ ಕೈ ಚೆನ್ನಾಗೇ ಇರ್ತಿತ್ತು ಡಾಕ್ಟರಮ್ಮ."

"ಒಳಗೆ ಬರೋ ಮುಂಚೆ ಏನ್ ಮಾಡ್ತಿದ್ರಿ?"

"ಏನ್ ಮಾಡೋದು. ಹೆಣೀತಿದ್ದೆ."

ಡಾಕ್ಟರಮ್ಮ ಅವಳ ತೋಳಿನಿಂದ ಸೂಜಿ ತೆಗೆದಳು. "ಈ ಕಾಯಿಲೆ ಹಾಗೇನೇ. ಒಂದೇ ಕೆಲಸ ಮತ್ತೆ ಮತ್ತೆ ಮಾಡಿದ್ರೆ ಸ್ನಾಯು ಸಡಿಲ ಆಗುತ್ತೆ. ಏಳು ವರ್ಷ ಕಾಯಿಲೇನ ಬಾಗಿಲ ಹೊರಗೇ ಬಿಟ್ಟು ಒಳಗೆ ಬಂದಿದ್ದೀರಿ."

ಕಾಗದದ ಮೇಲೆ ಹೆಸರು ಬರೆದುಕೊಟ್ಟಳು: ಮಯೋಟೋನಿಕ್ ಡಿಸ್ಟ್ರೊಫಿ. ರಕ್ತವನ್ನು ರಾಜಧಾನಿಗೆ ಕಳಿಸಿ ಖಾತ್ರಿ ಮಾಡಬೇಕು, ಆದರೆ ತನಗೇನೂ ಅನುಮಾನವಿಲ್ಲ ಎಂದಳು. ವಾಸಿಯಾಗುವ ಔಷಧಿ ಇಲ್ಲ ಎಂದಳು. ತಾರ್ಹೇಲಿಯಾ ತಲೆಯಾಡಿಸಿದಳು. ಒಳಗೆ ಏನಾದರೂ ಆಗುತ್ತದೆಯೇ ಎಂದು ಕಾದಳು. ಏನೂ ಆಗಲಿಲ್ಲ. ಡಾಕ್ಟರಮ್ಮನ ಪೆನ್ನಿನ ಮುಚ್ಚಳ ಕಚ್ಚಿ ಕಚ್ಚಿ ಚಪ್ಪಟೆಯಾಗಿತ್ತು. ಅದನ್ನೇ ನೋಡುತ್ತ ಕೂತಳು.

"ಮಕ್ಕಳಿಗೆ ಬರುತ್ತಾ?" ಎಂದು ಕೇಳಿದಳು.

"ಬರಬಹುದು, ಬರದೇನೂ ಇರಬಹುದು. ನಾಣ್ಯ ಚಿಮ್ಮಿದ ಹಾಗೆ. ಎಷ್ಟು ಮಕ್ಕಳು?"

"ಒಬ್ಬಳೇ. ಹೊರಗೆ ಕೂತಿದಾಳೆ. ನಾಲ್ಕು ತಿಂಗಳು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ಅವಳಿಗಿದ್ರೆ ಕೂಸಿಗೂ ಹಾಗೇ, ನಾಣ್ಯ ಚಿಮ್ಮಿದ ಹಾಗೆ. ಕೂಸಲ್ಲಿ ಹುಟ್ಟುವಾಗಲೇ ಜೋರಾಗಿರೋದೂ ಉಂಟು. ಅದಕ್ಕೇ ಈಗ್ಲೇ ತಿಳ್ಕೋಬೇಕು. ಅವಳೂ ಹೆಣೀತಿದಾಳಾ?"

"ಬೆಳಿಗ್ಗೆಯಿಂದ."

"ಕೈ ಖಾಲಿ ಇಟ್ಕೊಂಡು ಒಂದು ಗಂಟೆ ಕೂರ್ಲಿ. ನಾನೇ ಕರೀತೀನಿ."

ಹೊರಗೆ ನೂಬೆ ಟೋಪಿಯ ಅಂಚಿಗೆ ಬಂದಿದ್ದಳು. ಸಾಲುಗಳು ಅಮ್ಮನದಕ್ಕಿಂತ ನಯವಾಗಿದ್ದವು. ತಾರ್ಹೇಲಿಯಾ ಟೋಪಿ ತೆಗೆದುಕೊಂಡು ಚೀಲಕ್ಕೆ ಹಾಕಿದಳು.

"ಇನ್ನೆರಡು ಸಾಲು ಅಮ್ಮ."

"ಸಾಕು. ಸುಮ್ನೆ ಕೂರು."

"ಏನಂದ್ರು?"

"ಹೆಸರಿದೆಯಂತೆ. ನಿನ್ನೂ ನೋಡ್ತಾರಂತೆ. ಒಂದು ಗಂಟೆ ಏನೂ ಮಾಡದೆ ಕೂರಬೇಕಂತೆ."

ಇಬ್ಬರೂ ಖಾಲಿ ಕೈಯಲ್ಲಿ ಕೂತರು. ಎದುರು ಬೆಂಚಿನಲ್ಲಿ ಹೆಣೆಯುತ್ತಿದ್ದ ಅಜ್ಜಿ ಇವರನ್ನು ನೋಡಿ ಮುಖ ತಿರುಗಿಸಿದಳು. ಬೇಯಿಸಿದ ಜೋಳ ಮಾರುವವಳು ಬಂದಳು, ಹೋದಳು. ಬಾಗಿಲಿಂದ ತಣ್ಣನೆ ಗಾಳಿ ಬರುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ನೂಬೆ ಅಮ್ಮನ ಕೈಯನ್ನು ತನ್ನ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

ಒಳಗಿಂದ ನೂಬೆಯ ಹೆಸರು ಕರೆದರು. ಅವಳು ಎದ್ದಳು. ಹಿಡಿದ ಕೈಗಳು ಬಿಡಲಿಲ್ಲ.

ತನ್ನದೇ ಇರಬೇಕೆಂದು ತಾರ್ಹೇಲಿಯಾ ಎಡಗೈಯಿಂದ ತನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ಐದೂ ಬಿಟ್ಟವು. ಕೈ ಇನ್ನೂ ಬಿಟ್ಟಿರಲಿಲ್ಲ.

"ಚಳಿಗಮ್ಮ," ಎಂದಳು ನೂಬೆ.

"ಹೂಂ," ಎಂದಳು ತಾರ್ಹೇಲಿಯಾ. ಮಗಳ ಕಿರುಬೆರಳಿಂದ ಬಿಡಿಸಲು ಶುರುಮಾಡಿದಳು.