ಜನಪ್ರಿಯ ಚಿತ್ರಗಳ ಕೊನೆಯಲ್ಲಿ ನಿದ್ದೆ

ಆ ಹುಡುಗಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಇಲ್ಲವೆಂದಲ್ಲ. ಆದರೆ ಮಾತು ಕಲಿತಂದಿನಿಂದ ಕಂಡದ್ದಕ್ಕೆಲ್ಲ ಯಾಕೆ, ಯಾಕೆ ಎಂದು ಎಲ್ಲರ ಪ್ರಾಣ ತಿಂದದ್ದರಿಂದ ಅವಳಿಗೆ ಯಾಕಮ್ಮ ಎನ್ನುವ ಹೆಸರೇ ಗಟ್ಟಿಯಾಯಿತು. ಕಾಲೇಜಿನ ಎರಡನೇ ವರ್ಷ ಮುಗಿಯುತ್ತ ಬಂದರೂ ಚಾಳಿ ಬಿಟ್ಟಿರಲಿಲ್ಲ. ಸಿನಿಮಾ ನೋಡಲು ಕೂತರಂತೂ ಕೇಳುವುದೇ ಬೇಡ. ನಾಯಕ ಮಳೆಯಲ್ಲಿ ಹಾಡುತ್ತಾನಲ್ಲ, ಅವನ ಕೂದಲು ಯಾಕೆ ನೆನೆಯುವುದಿಲ್ಲ? ಆಸ್ಪತ್ರೆಯಲ್ಲಿ ಹಿಂದೆ ನಿಂತ ನರ್ಸು ಯಾಕೆ ಪ್ರತಿ ಸಿನಿಮಾದಲ್ಲೂ ಅದೇ ನೀಲಿ ಫೈಲನ್ನು ತಿರುವಿ ಹಾಕುತ್ತಿರುತ್ತಾಳೆ? ಖಳನಾಯಕನಿಗೆ ಯಾಕೆ ಒಬ್ಬ ಚಿಕ್ಕಮ್ಮನೋ ಸೋದರಮಾವನೋ ಇರುವುದಿಲ್ಲ, ಬಂದು ಎರಡು ಮಾತು ಬೈದು ಹೋಗಲು?

ಇಂಥ ಪ್ರಶ್ನೆಗಳನ್ನೆಲ್ಲ ಪೋಣಿಸಿ ಅವಳು ಕಾಲೇಜಿನ ಗೋಡೆಪತ್ರಿಕೆಗೆ ಪ್ರತಿ ಸೋಮವಾರ ಸಿನಿಮಾ ವಿಮರ್ಶೆ ಬರೆಯುತ್ತಿದ್ದಳು. ಬೆಳಗಿನ ಮೊದಲ ಗಂಟೆಗೆ ಮುಂಚೆ ಆ ಹಲಗೆಯ ಮುಂದೆ ನಿಲ್ಲಲು ಜಾಗ ಸಿಗುತ್ತಿರಲಿಲ್ಲ. ಸಿನಿಮಾ ನೋಡದವರೂ ಓದಿ ನಗುತ್ತಿದ್ದರು, ನೋಡಿದವರು ಛೆ, ಇದು ನಮಗೆ ಹೊಳೆಯಲೇ ಇಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುತ್ತಿದ್ದರು.

ಅವರಿಗೆ ತಿಳಿಯದ ಗುಟ್ಟೊಂದಿತ್ತು. ಯಾಕಮ್ಮ ಎರಡು ವರ್ಷದಿಂದ ಒಂದೇ ಒಂದು ಸಿನಿಮಾವನ್ನೂ ಪೂರ್ತಿ ನೋಡಿರಲಿಲ್ಲ.

ಅವಳ ಅಮ್ಮನಿಗೆ ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿಕೊಳ್ಳಬೇಕು ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಅಪ್ಪ ದೂರದೂರಿಗೆ ಲಾರಿ ಓಡಿಸುವವರು, ಮನೆಗೆ ಬರುವುದೇ ಅಪರೂಪ. ಅಕ್ಕ ಹಲ್ಲಿನ ಡಾಕ್ಟರ ಷಾಪಿನಲ್ಲಿ ಚೀಟಿ ಕೊಡುವ ಕೆಲಸ ಬಿಟ್ಟು ಮನೆಯಲ್ಲಿ ನಿಂತಳು. ಹೀಗಾಗಿ ಇಬ್ಬರು ಹೆಣ್ಣುಮಕ್ಕಳೂ ಒಟ್ಟಿಗೆ ಹೊಸಿಲು ದಾಟುವುದೆಂದರೆ ಆಗದ ಮಾತಾಯಿತು.

ಆಗ ಅಕ್ಕನೇ ಈ ಉಪಾಯ ಹೂಡಿದ್ದು. ಸಿನಿಮಾ ಮಂದಿರ ಮನೆಯ ಹಿಂದಿನ ಬೀದಿಯಲ್ಲೇ ಇತ್ತು. ಭಾನುವಾರ ಮ್ಯಾಟಿನಿಗೆ ಒಂದೇ ಟಿಕೆಟ್. ಇಂಟರ್ವೆಲ್‌ವರೆಗೆ ತಂಗಿ, ಆಮೇಲೆ ಅಕ್ಕ. ಗೇಟಿನಲ್ಲಿ ಟಿಕೆಟ್ ಹರಿಯುವ ಮಾಮ ಮೊದಲ ವಾರ ಗುರುಗುಟ್ಟಿದ, ಎರಡನೇ ವಾರ ಅಮ್ಮನ ಆರೋಗ್ಯ ವಿಚಾರಿಸಿದ, ಮೂರನೇ ವಾರದಿಂದ ತಾನೇ ಪರದೆ ಸರಿಸಿ ಒಳಗೆ ಬಿಡತೊಡಗಿದ. ಇಂಟರ್ವೆಲ್ ಬೆಲ್ ಹೊಡೆದದ್ದೇ ತಡ ಯಾಕಮ್ಮ ಗೇಟಿಗೆ ಓಡುತ್ತಿದ್ದಳು. ಅಷ್ಟರಲ್ಲಿ ಅಕ್ಕ ಅಮ್ಮನ ತಲೆದಿಂಬಿನ ಹತ್ತಿರ ರೇಡಿಯೊ ಹಚ್ಚಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಿರುತ್ತಿದ್ದಳು. ಯಾಕಮ್ಮ ಹರಿದ ಟಿಕೆಟ್ಟಿನ ತುಂಡು ಅವಳ ಕೈಗೆ ತುರುಕಿ, ನಿಂತ ನಿಲುವಿನಲ್ಲೇ ಮೊದಲರ್ಧದ ಕಥೆಯನ್ನು ಉಸಿರು ಬಿಡದೆ ಒದರಿ ಮನೆಗೆ ಓಡುತ್ತಿದ್ದಳು.

ಸಂಜೆ ಅಕ್ಕ ಬಂದು ಒಲೆ ಹಚ್ಚಿ, ಈರುಳ್ಳಿ ಹೆಚ್ಚುತ್ತ ಉಳಿದರ್ಧ ಹೇಳುತ್ತಿದ್ದಳು. ಅಬ್ಬಾ, ಅವಳ ಬಾಯಲ್ಲಿ ಕಥೆ ಕೇಳಬೇಕು! ಖಳನಾಯಕನ ದನಿ, ಅತ್ತೆಯ ದನಿ, ಬಾಗಿಲು ಕಿರುಗುಟ್ಟುವ ಸದ್ದು, ಎಲ್ಲ ಅವಳೊಬ್ಬಳದೇ. ಅಮ್ಮ ಕೂಡ ಹಾಸಿಗೆಯಿಂದಲೇ ಕಿವಿಗೊಟ್ಟು ಅರ್ಧ ಬಾಯಲ್ಲಿ ನಗುತ್ತಿದ್ದರು. ಒಮ್ಮೆ ಯಾಕಮ್ಮ, ಒಂದು ವಾರ ಅದಲುಬದಲು ಮಾಡ್ಕೊಳ್ಳೋಣ್ವಾ ಎಂದು ಕೇಳಿದ್ದುಂಟು.

“ಬರೆಯೋಳು ನೀನು. ಶುರುನ ಸರಿಯಾಗಿ ನೋಡ್ಬೇಕಾದ್ದು ನಿನ್ನ ಕಣ್ಣು. ಕೊನೆ ಏನು ಮಹಾ, ನಾನು ನೋಡ್ಕೋತೀನಿ ಬಿಡು” ಎಂದು ಅಕ್ಕ ಮಾತು ಮುಗಿಸಿದ್ದಳು.

ಗೋಡೆಪತ್ರಿಕೆಗೊಂದು ಕಟ್ಟುನಿಟ್ಟಿನ ನಿಯಮವಿತ್ತು: ಸಿನಿಮಾದ ಕೊನೆಯನ್ನು ಬಿಟ್ಟುಕೊಡಬಾರದು. ಹಾಗಾಗಿ ಎರಡು ವರ್ಷ ಯಾರಿಗೂ ಏನೂ ಗೊತ್ತಾಗಲಿಲ್ಲ. ಸುಮ್ಮನಿದ್ದಿದ್ದರೆ ಇನ್ನೆರಡು ವರ್ಷವೂ ಸುಖವಾಗಿ ಕಳೆಯುತ್ತಿತ್ತೇನೋ. ಆದರೆ ಯಾಕಮ್ಮ ಸುಮ್ಮನಿರುವ ಜಾತಿಯೇ?

ಹಳೆಯ ಸಿನಿಮಾಗಳನ್ನೆಲ್ಲ ನೆನೆಯುತ್ತ ಕೂತಿದ್ದಾಗ ಅವಳಿಗೆ ಒಂದು ವಿಚಿತ್ರ ಹೊಳೆಯಿತು. ಎಲ್ಲ ಸಿನಿಮಾಗಳೂ ಯಾರಾದರೊಬ್ಬರು ಮಲಗುವುದರಲ್ಲೇ ಮುಗಿಯುತ್ತಿದ್ದವು! ಪಾತಕಲೋಕದ ದೊರೆ ಬಂದೂಕು ಕೆಳಗಿಟ್ಟು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕಾಲು ಚಾಚುತ್ತಾನೆ, ಇನ್‌ಸ್ಪೆಕ್ಟರು ಎದ್ದುಹೋಗಿ ಫ್ಯಾನು ಹಾಕುತ್ತಾರೆ. ಮನೆ ಬಿಟ್ಟು ಓಡಿಹೋದ ಹುಡುಗಿ ರೈಲಿನಲ್ಲಿ ನಿದ್ದೆಹೋಗುತ್ತಾಳೆ, ಇಳಿಯುವ ನಿಲ್ದಾಣ ಬಂದರೂ ಹುಡುಗ ಎಬ್ಬಿಸುವುದಿಲ್ಲ. ದೆವ್ವದ ಸಿನಿಮಾದಲ್ಲಂತೂ ದೆವ್ವವೇ ಮಲಗಿಬಿಡುತ್ತದೆ, ಮನೆಮಂದಿ ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಓಡಾಡುತ್ತಾರೆ.

ಯಾಕೆ ಹೀಗೆ? ಅಷ್ಟು ಸಾಕಾಯಿತು ಅವಳ ತಲೆಗೆ. ವಾರಗಟ್ಟಲೆ ಕೂತು ‘ಜನಪ್ರಿಯ ಚಿತ್ರಗಳ ಕೊನೆಯಲ್ಲಿ ನಿದ್ದೆ’ ಎಂಬ ಉದ್ದನೆಯ ಲೇಖನ ಬರೆದಳು. ಬೇರೆ ಬೇರೆ ನಿರ್ದೇಶಕರು, ಬೇರೆ ಬೇರೆ ಕಥೆ, ಆದರೂ ಎಲ್ಲರಿಗೂ ಕೊನೆಗೆ ಬೇಕಾದದ್ದು ಪ್ರೀತಿಯಲ್ಲ, ಗೆಲುವಲ್ಲ, ಒಂದು ಒಳ್ಳೆಯ ನಿದ್ದೆ; ಇದು ನಮ್ಮ ಕಾಲದ ದಣಿವು ಎಂದೆಲ್ಲ ವಾದಿಸಿದಳು. ಚಿತ್ರಕೂಟ ಎಂಬ ಕಾಲೇಜಿನ ಸಿನಿಮಾ ಸಂಘ ನಡೆಸುವ ಮೇಷ್ಟ್ರು ಓದಿ ಕುಣಿದಾಡುವುದೊಂದು ಬಾಕಿ. ಅವರು ಜನಪ್ರಿಯ ಸಿನಿಮಾದ ಹೆಸರೆತ್ತಿದರೆ ಮೂಗು ಮುರಿಯುವವರು, ಒಂದನ್ನೂ ನೋಡಿದವರಲ್ಲ. “ಮಹಾ ಸಂಶೋಧನೆ ಕಣಮ್ಮ ಇದು! ಮುಂದಿನ ಸೋಮವಾರ ಚಿತ್ರಕೂಟದಲ್ಲಿ ಓದು. ವಾರ್ಷಿಕ ಸಂಚಿಕೆಯಲ್ಲಿ ನಿನ್ನ ಹೆಸರು ಹಾಕಿ ಅಚ್ಚು ಮಾಡಿಸ್ತೀನಿ” ಎಂದರು. ಯಾಕಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಚ್ಚಿನಲ್ಲಿ ಅವಳ ಹೆಸರು ಬರುವುದು ಅದೇ ಮೊದಲು.

ಅವಳ ತರಗತಿಯಲ್ಲೊಬ್ಬ ಮೂರಾಟದವನು ಇದ್ದ. ಪ್ರತಿ ಸಿನಿಮಾವನ್ನೂ ಮೂರು ಆಟ ನೋಡದೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಶುಕ್ರವಾರ ಅವನ ಕೈಗೆ ಲೇಖನದ ಪ್ರತಿ ಸಿಕ್ಕಿತು. ಓದುತ್ತ ಓದುತ್ತ ಅವನ ಹುಬ್ಬು ಮೇಲೇರಿತು.

“ದೆವ್ವ ಮಲಗತ್ತಾ? ಯಾವ ಊರಿನ ಪ್ರಿಂಟ್ ನೋಡ್ದೆ ಮಾರಾಯ್ತಿ ನೀನು?”

“ಯಾಕೆ, ಮಲಗಲ್ವಾ?”

“ದೆವ್ವನ ಸುಟ್ಟು ಬೂದಿ ಮಾಡ್ತಾರೆ! ಆ ಡಾನ್‌ನ ಸೇತುವೆ ಮೇಲಿಂದ ತಳ್ತಾರೆ. ರೈಲಿನ ಹುಡುಗಿಗೆ ಅವರಪ್ಪನೇ ಬಂದು ಹಾರ ಹಾಕಿಸ್ತಾನೆ. ಒಬ್ರೂ ಮಲಗಲ್ಲ ಕಣೆ. ಬೇಕಾದ್ರೆ ಆಣೆ ಹಾಕ್ತೀನಿ.”

ಮೂರಾಟದವನು ಸುಳ್ಳು ಹೇಳುವ ಆಸಾಮಿಯಲ್ಲ. ಹಾಗಾದರೆ ಅಕ್ಕ? ಸೋಮವಾರ ಇಡೀ ಕಾಲೇಜಿನ ಮುಂದೆ ತನ್ನ ಮಾನ ಮೂರು ಕಾಸಿಗೆ ಹರಾಜಾಗುವ ಭಯ ಒಂದು ಕಡೆ. ಇನ್ನೊಂದು ಕಡೆ ಅದಕ್ಕಿಂತ ದೊಡ್ಡ ಪ್ರಶ್ನೆ: ಪ್ರತಿ ಭಾನುವಾರ ಟಿಕೆಟ್ ತುಂಡು ಹಿಡಿದು ಅಕ್ಕ ಹೋಗುವುದಾದರೂ ಎಲ್ಲಿಗೆ? ಯಾರನ್ನಾದರೂ ಭೇಟಿಯಾಗುತ್ತಾಳೋ? ಗುಟ್ಟಾಗಿ ಎಲ್ಲಾದರೂ ಕೆಲಸಕ್ಕೆ ಸೇರಿದ್ದಾಳೋ? ಎರಡು ದಿನ ಅಕ್ಕನ ಬೆನ್ನನ್ನೇ ನೋಡುತ್ತ ಕಳೆದಳು. ಊರಿಗೆಲ್ಲ ಯಾಕೆ ಎನ್ನುವ ಬಾಯಿಗೆ ಅಕ್ಕನ ಎದುರು ಬೀಗ ಬಿದ್ದಿತ್ತು.

ಭಾನುವಾರ ಬಂತು. ಇಂಟರ್ವೆಲ್‌ನಲ್ಲಿ ಎಂದಿನಂತೆ ಕಥೆ ಒದರಿ, ಟಿಕೆಟ್ ಕೊಟ್ಟು, ಮನೆ ಕಡೆ ಓಡಿದಳು. ಆದರೆ ನೇರ ಪಕ್ಕದ ಮನೆಯ ಬಾಗಿಲು ಬಡಿದಳು. ಅಲ್ಲಿ ಟೈಲರಮ್ಮ ಮೆಷಿನ್ನಿನ ಮುಂದೆ ಕೂತು ಗುಂಡಿ ಹೊಲಿಯುತ್ತಿದ್ದರು.

“ಅತ್ತೆ, ಸ್ವಲ್ಪ ಹೊತ್ತು ಅಮ್ಮನ ಹತ್ರ ಕೂತಿರ್ತೀರಾ?”

ಟೈಲರಮ್ಮ ದಾರ ಹಲ್ಲಿನಲ್ಲಿ ಕಡಿದು ಎದ್ದೇಬಿಟ್ಟರು. “ಎರಡು ವರ್ಷದಿಂದ ಕಾಯ್ತಿದೀನಿ ಕಣೇ, ಒಂದಿನ ಆದ್ರೂ ಕರೀತೀರೇನೋ ಅಂತ. ನಾವೇ ನುಗ್ಗಿದ್ರೆ ನಿಮ್ಮಕ್ಕ ಏನಂದ್ಕೋತಾಳೋ ಅಂತ ಸುಮ್ನಿದ್ದೆ. ಹೋಗು ಹೋಗು.”

ಯಾಕಮ್ಮ ಮರಳಿ ಗೇಟಿಗೆ ಬಂದಾಗ ಮಾಮ ಬಾಗಿಲು ಹಾಕಿ ಸ್ಟೂಲಿನ ಮೇಲೆ ಟೀ ಹೀರುತ್ತಿದ್ದ.

“ಮಾಮ, ನಮ್ಮಕ್ಕ ಒಳಗೆ ಬಂದ್ಲಾ?”

“ಬರದೇ ಏನು? ಕೊನೇ ಸಾಲು, ಗೋಡೆ ಮೂಲೆ. ಯಾವಾಗ್ಲೂ ಅಲ್ಲೇ” ಎಂದು ಅವನು ಅವಳ ಮುಖವನ್ನೊಮ್ಮೆ ನೋಡಿ, ಟಿಕೆಟ್ ಕೇಳದೆಯೇ ಪರದೆ ಸರಿಸಿದ.

ಒಳಗೆ ಕತ್ತಲು. ತೆರೆಯ ಮೇಲೆ ಸೇತುವೆಯೊಂದು ಸಿಡಿದು ಚೂರಾಗುತ್ತಿತ್ತು. ಆ ಬೆಳಕಿನಲ್ಲಿ ಯಾಕಮ್ಮ ಅಕ್ಕನನ್ನು ಕಂಡಳು. ಚಪ್ಪಲಿ ಕಳಚಿ ಜೋಡಿಸಿಟ್ಟು, ಕಾಲು ಮಡಚಿಕೊಂಡು, ಸೆರಗನ್ನು ಕಿವಿತನಕ ಹೊದ್ದು, ಗೋಡೆಗೆ ತಲೆ ಆನಿಸಿ ಅವಳು ಗಾಢ ನಿದ್ದೆಯಲ್ಲಿದ್ದಳು. ಬಾಯಿ ತುಸು ತೆರೆದಿತ್ತು. ಕಾರು ಹೊತ್ತಿ ಉರಿಯಿತು, ಜನ ಸಿಳ್ಳೆ ಹೊಡೆದರು, ಮುಂದಿನ ಸಾಲಿನ ಮಗುವೊಂದು ಕಿಟಾರನೆ ಕಿರುಚಿತು. ಅಕ್ಕನ ರೆಪ್ಪೆ ಕೂಡ ಅಲುಗಲಿಲ್ಲ.

ಯಾಕಮ್ಮ ಮೆಲ್ಲನೆ ಪಕ್ಕದ ಕುರ್ಚಿಯಲ್ಲಿ ಕೂತಳು. ಎರಡು ವರ್ಷ ಬಾಯಿಬಿಟ್ಟು ಕಾದಿದ್ದ ಎರಡನೇ ಅರ್ಧ ಕಣ್ಣೆದುರೇ ಓಡುತ್ತಿತ್ತು, ಅವಳು ನೋಡಲಿಲ್ಲ. ಅಕ್ಕನನ್ನೇ ನೋಡುತ್ತ ಕೂತಳು. ಇಪ್ಪತ್ತಾರಕ್ಕೇ ಬೈತಲೆಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಡಾಕ್ಟರು ಹೇಳಿದ್ದು ಹಗಲಿಗೆ ಮಾತ್ರವಲ್ಲವಲ್ಲ! ರಾತ್ರಿ ಅಮ್ಮನನ್ನು ಯಾರು ಹೊರಳಿಸುತ್ತಾರೆ? ತಾನು ಓದುವ ಹುಡುಗಿ ಎಂದು ಬಾಗಿಲು ಹಾಕಿಕೊಂಡು ಒಳಕೋಣೆಯಲ್ಲಿ ಬೆಳಗಿನತನಕ ಬಿದ್ದುಕೊಳ್ಳುತ್ತಿದ್ದಳು. ಈ ಒಂದು ಪ್ರಶ್ನೆ ಅವಳಿಗೆ ಇಲ್ಲಿಯವರೆಗೆ ಹುಟ್ಟಿರಲೇ ಇಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಸಿನಿಮಾ ಮುಗಿದು ದೀಪ ಹತ್ತಿತು. ಅಕ್ಕ ಕಣ್ಣು ಬಿಟ್ಟಳು, ಪಕ್ಕದಲ್ಲಿ ತಂಗಿಯನ್ನು ಕಂಡು ದಡಕ್ಕನೆ ಎದ್ದು ಕೂತಳು.

“ಅಮ್ಮನ ಹತ್ರ ಯಾರಿದಾರೆ?”

“ಟೈಲರಮ್ಮ ಇದಾರೆ. ಗಾಬರಿ ಆಗ್ಬೇಡ.”

ಅಕ್ಕ ಉಸಿರು ಬಿಟ್ಟು ಚಪ್ಪಲಿಗಾಗಿ ಕಾಲಲ್ಲಿ ತಡಕಾಡಿದಳು. ಸಿಕ್ಕಿಬಿದ್ದದ್ದು ಆಮೇಲೆ ಹೊಳೆಯಿತೆಂದು ತೋರುತ್ತದೆ, ನಾಲಗೆ ಕಚ್ಚಿಕೊಂಡಳು.

“ಒಂದಾದ್ರೂ ನೋಡಿದೀಯಾ ಅಕ್ಕಾ?”

“ಒಂದೆರಡು ಹಾಡು ನೋಡಿರ್ಬೇಕು ಕಣೆ” ಎಂದು ಅಕ್ಕ ನಗತೊಡಗಿದಳು. “ಮೊದಲನೇ ವಾರ ನೋಡೋಣ ಅಂತಾನೇ ಬಂದೆ. ಕೂತಿದ್ದಷ್ಟೇ ನೆನಪು. ಮನೇಲಿ ಮಲಗಿದ್ರೆ ಅಮ್ಮ ಕೆಮ್ಮಿದ್ರೂ ಎಚ್ಚರ ಆಗತ್ತೆ. ಇಲ್ಲಿ ಬಾಂಬ್ ಬಿದ್ರೂ ಆಗಲ್ಲ ನೋಡು.”

“ನಿದ್ದೆ ಬರತ್ತೆ ಅಂತ ಹೇಳೋಕೇನಾಗಿತ್ತು?”

“ಹೇಳಿದ್ರೆ ನೀನು ಸಿನಿಮಾ ಬಿಟ್ಟು ಮನೇಲಿ ಕೂತಿರ್ತಿದ್ದೆ. ಆಮೇಲೆ ಬರೆಯೋದು ಯಾರು? ನೀನು ಗೇಟಲ್ಲಿ ಅಷ್ಟು ಆಸೆಯಿಂದ ಹೇಳ್ತಿದ್ಯಲ್ಲ, ಅದನ್ನೇ ಹಿಡ್ಕೊಂಡು ಮನೆಗೆ ಬರೋ ದಾರೀಲಿ ಉಳಿದದ್ದು ಕಟ್ತಿದ್ದೆ. ಖುಷಿ ಆಗ್ತಿತ್ತು ಕಣೆ, ಸುಳ್ಳಲ್ಲ.”

“ಮತ್ತೆ ಎಲ್ರನ್ನೂ ಯಾಕೆ ಮಲಗಿಸ್ಬಿಡ್ತಿದ್ದೆ?”

ಅಕ್ಕ ಕಣ್ಣರಳಿಸಿದಳು. “ಹೌದಾ? ಎಲ್ರನ್ನೂನಾ?” ಎಂದು ಚಪ್ಪಲಿ ಮೆಟ್ಟಿಕೊಂಡಳು. “ಅಷ್ಟೆಲ್ಲ ಕಷ್ಟಪಟ್ಟಿರ್ತಾರೆ ಪಾಪ. ಇನ್ನೇನು ಬೇಕು ಅವರಿಗೆ?”

ಲೇಖನದ ವಿಷಯ ಕೇಳಿದಾಗ ಮಾತ್ರ ಅಕ್ಕನ ಮುಖ ಬಿಳಿಚಿಕೊಂಡಿತು. “ಅಯ್ಯಯ್ಯೋ, ನನ್ನಿಂದ ನಿನ್ನ ಹೆಸರು ಮಣ್ಣುಪಾಲಾಯ್ತಲ್ಲೇ! ನಾಳೆ ಜ್ವರ ಅಂತ ಹೇಳಿ ತಪ್ಪಿಸ್ಕೊಂಡ್ಬಿಡು.”

ಸೋಮವಾರ ಚಿತ್ರಕೂಟದ ಕೋಣೆ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲೇ ಮೂರಾಟದವನು ಕೈಕಟ್ಟಿ ಕೂತಿದ್ದ. ಮೇಷ್ಟ್ರು ಸಂಶೋಧನೆ, ಒಳನೋಟ ಎಂದೆಲ್ಲ ಹೊಗಳಿ ಅಟ್ಟಕ್ಕೇರಿಸಿ ಅವಳನ್ನು ಕರೆದರು. ಯಾಕಮ್ಮ ಹೋಗಿ ಕಾಗದಗಳನ್ನು ಮೇಜಿನ ಮೇಲೆ ಬೋರಲು ಹಾಕಿದಳು.

“ಇದರಲ್ಲಿ ಬರೆದಿರೋ ಕೊನೆ ಯಾವ ಸಿನಿಮಾದಲ್ಲೂ ಇಲ್ಲ. ನಾನು ನೋಡಿದ್ದು ಬರೀ ಇಂಟರ್ವೆಲ್‌ವರೆಗೆ. ಮಿಕ್ಕಿದ್ದನ್ನ ನಮ್ಮಕ್ಕ ಕಟ್ಟಿ ಹೇಳ್ತಿದ್ದಳು. ಅವಳು ಥಿಯೇಟರಿಗೆ ಹೋಗ್ತಿದ್ದಿದ್ದು ಮಲಗೋಕೆ. ರಾತ್ರಿಯೆಲ್ಲ ಅಮ್ಮನ್ನ ನೋಡ್ಕೋಬೇಕಲ್ಲ, ಅದಕ್ಕೆ.”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ನಗು ಶುರುವಾಯಿತು ನೋಡಿ, ಹಿಂದಿನ ಬೆಂಚಿನವರು ಬಿದ್ದು ಬಿದ್ದು ನಕ್ಕರು. ಎರಡು ವರ್ಷದ ವಿಮರ್ಶೆಯೆಲ್ಲ ಅರ್ಧ ಸಿನಿಮಾದ್ದು! ದೆವ್ವ ಗೊರಕೆ ಹೊಡೆಯಿತೇ ಎಂದು ಯಾರೋ ಕೂಗಿದರು. ಮೂರಾಟದವನೊಬ್ಬ ಮಾತ್ರ ನಗದೆ ತಲೆ ತಗ್ಗಿಸಿ ಕೂತಿದ್ದ. ಮೇಷ್ಟ್ರ ಮುಖ ಹರಳೆಣ್ಣೆ ಕುಡಿದವರಂತಾಗಿತ್ತು. ವಾರ್ಷಿಕ ಸಂಚಿಕೆಯ ಮಾತು ಅಲ್ಲಿಗೆ ಮುಗಿಯಿತೆಂದು ಯಾಕಮ್ಮನಿಗೆ ಗೊತ್ತಾಯಿತು. ಸಂಕಟವೂ ಆಯಿತು, ಯಾಕೆ ಸುಳ್ಳು ಹೇಳಬೇಕು.

ಮೇಷ್ಟ್ರು ಮೇಜು ಕುಟ್ಟಿ ಗದ್ದಲ ನಿಲ್ಲಿಸಿದರು.

“ಅಲ್ಲಮ್ಮ, ಕಂಡದ್ದಕ್ಕೆಲ್ಲ ಯಾಕೆ ಅಂತೀಯ. ಎರಡು ವರ್ಷದಲ್ಲಿ ಒಂದು ಸಲ ಆದ್ರೂ ಒಳಗೆ ಹೋಗಿ ನೋಡೋಣ ಅಂತ ಕುತೂಹಲ ಆಗ್ಲಿಲ್ವಾ ನಿಂಗೆ?”

“ಸಿನಿಮಾ ಬಗ್ಗೆ ಆಗ್ತಿತ್ತು ಸಾರ್, ಪ್ರತಿ ವಾರಾನೂ ಆಗ್ತಿತ್ತು” ಎಂದಳು ಯಾಕಮ್ಮ. “ಅಕ್ಕನ ಬಗ್ಗೆ ಒಂದು ದಿನಾನೂ ಆಗ್ಲಿಲ್ಲ.”

ಅವಳು ಚೀಲ ಹೆಗಲಿಗೇರಿಸಿ, ಸಭೆ ಇನ್ನೂ ಮುಗಿಯದಿದ್ದರೂ ಮೆಟ್ಟಿಲಿಳಿದು ಬಿರಬಿರನೆ ಮನೆ ಕಡೆ ನಡೆದಳು. ಅಮ್ಮನ ಮಗ್ಗುಲು ಬದಲಿಸುವ ಹೊತ್ತಾಗುತ್ತಿತ್ತು, ಇವತ್ತಿನಿಂದ ಅದು ಅವಳ ಪಾಳಿ.