ಬಲದಿಂದ ಓದಿದ ತೂಕ

ಹೊಸ ಕಂಪ್ಯೂಟರಿಗೆ ಮೂವತ್ತೆಂಟು ಸಾವಿರ, ವಿಂಡೋಸ್‌ಗೆ ಬೇರೆ ಎಂಟು. ಇದ್ದ ಹಳೆಯದನ್ನೇ ಅಳಿಸಿ, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದರೆ ಖರ್ಚು ಸೊನ್ನೆ. ಝಳಕಿಯ ಹೆದ್ದಾರಿ ಬದಿಯಲ್ಲಿ ಲಾರಿ, ಟ್ರ್ಯಾಕ್ಟರು ತೂಗುವ ಕಾಟಾ ಇಟ್ಟುಕೊಂಡ ನಬಿಲಾಲ ಸೊನ್ನೆಯನ್ನೇ ಆರಿಸಿಕೊಂಡ. ವೈರಸ್ ಹೊಕ್ಕು ಕಂಪ್ಯೂಟರು ಮಲಗಿಬಿಟ್ಟಿತ್ತು. ತೊಡಕೆಂದರೆ, ತೂಕದ ಚೀಟಿ ಅಚ್ಚು ಮಾಡುವ ಪ್ರೋಗ್ರಾಮು ವಿಂಡೋಸ್‌ಗೆಂದೇ ಮಾಡಿದ್ದು. ಮಾಡಿಕೊಟ್ಟವನು ಅಂಗಡಿ ಮುಚ್ಚಿ ಎಲ್ಲಿಗೋ ಹೋಗಿದ್ದ.

ಸಿಂದಗಿಯಲ್ಲಿ ಕಂಪ್ಯೂಟರು ಕಲಿತ ಸೊಸೆ ಫರಹತ, ಅದಕ್ಕೂ ದಾರಿ ಉಂಟು ಎಂದಿದ್ದಳು. ವೈನ್ ಎಂಬುದೊಂದಿದೆ, ಅದರೊಳಗೆ ಕೂರಿಸಿದರೆ ವಿಂಡೋಸಿನ ಪ್ರೋಗ್ರಾಮು ಲಿನಕ್ಸಿನಲ್ಲೂ ನಡೆಯುತ್ತದೆ.

"ಬ್ಯಾರೆ ಹೆಸರ ಸಿಗಲಿಲ್ಲೇನ ಅವರಿಗೆ?" ಎಂದು ನಬಿಲಾಲ ಮುಖ ಸಿಂಡರಿಸಿದ್ದ.

ಈಗ ಗೋವಿನಜೋಳದ ಟ್ರ್ಯಾಕ್ಟರುಗಳು ರಸ್ತೆಯವರೆಗೆ ಸಾಲು ಹಚ್ಚಿದ್ದವು. ಮಾಲು ಕೊಳ್ಳುವ ರಾವಸಾಬ ಬೆಳಿಗ್ಗೆಯೇ ಖಡಾಖಂಡಿತ ಹೇಳಿದ್ದ: ಮಧ್ಯಾಹ್ನದೊಳಗೆ ಅಚ್ಚಿನ ಚೀಟಿ ಬರದಿದ್ದರೆ ತನ್ನ ಮಾಲೆಲ್ಲ ಹೆದ್ದಾರಿಯಲ್ಲಿ ಮುಂದಿರುವ ಹೊಸ ಕಾಟಾಕ್ಕೆ. ಸುಗ್ಗಿಯ ದುಡಿಮೆಯಲ್ಲಿ ಮುಕ್ಕಾಲು ಪಾಲು ಅವನ ಮಾಲಿನದೇ.

ಪ್ರೋಗ್ರಾಮು ತೆರೆದುಕೊಂಡಿತು, ತೂಕ ಮಾತ್ರ ಸೊನ್ನೆ ಬಿಟ್ಟು ಏಳಲಿಲ್ಲ. ಕಾಟಾದ ತೂಕ ತೋರಿಸುವ ಪೆಟ್ಟಿಗೆಯ ವೈರು ಕಂಪ್ಯೂಟರಿನ ಯಾವ ಕಿಂಡಿಯಲ್ಲಿದೆ ಎಂದು ವೈನ್‌ಗೆ ತಿಳಿಯುತ್ತಿರಲಿಲ್ಲ. ಫರಹತ ಸೆರಗು ಸಿಕ್ಕಿಸಿ ಕೂತಳು. ಹೊರಗೆ ಹಾರ್ನು, ಬಾಗಿಲಲ್ಲಿ ರಾವಸಾಬನ ಕೆಮ್ಮು. ಕೊನೆಗೆ ಅಂಕಿಗಳು ಕುಣಿದು ನಿಂತವು, ಪ್ರಿಂಟರು ಕಿರುಗುಟ್ಟಿತು. ಹೊರ್ತಿಯ ರೈತ ಗೋವಿಂದನ ಚೀಟಿ ಅಚ್ಚಾಗಿ ರಾವಸಾಬನ ಕೈ ಸೇರಿತು. ನಬಿಲಾಲ ಉಸಿರು ಬಿಟ್ಟ.

ಉಸಿರು ಬಿಡುತ್ತಲೇ ಪೆಟ್ಟಿಗೆಯ ಕೆಂಪು ಅಂಕಿಗಳ ಮೇಲೆ ಕಣ್ಣು ಹೋಯಿತು. ಅಲ್ಲಿ 08970. ಕಂಪ್ಯೂಟರಿನಲ್ಲಿ 07980.

ಫರಹತಳೂ ನೋಡಿದಳು, ದನಿ ತಗ್ಗಿಸಿದಳು. "ಅಬ್ಬಾ, ಉರ್ದು ಓದಿದಂಗ ಬಲದಿಂದ ಓದೇತ್ರಿ ಇದು."

ಪೆಟ್ಟಿಗೆ ಅಂಕಿಗಳನ್ನು ಕೊನೆಯದರಿಂದ ಹಿಂದುಮುಂದಾಗಿ ಕಳಿಸುತ್ತಿತ್ತು. ಅವನ್ನು ತಿರುಗಿಸಿಕೊಳ್ಳುವ ಹಳೆಯ ಸೆಟ್ಟಿಂಗು ಅಳಿಸುವಾಗಲೇ ಹೋಗಿತ್ತು. ಅದನ್ನು ಮತ್ತೆ ಎಲ್ಲಿ ಹಾಕಬೇಕೆಂದು ಹುಡುಕಲು ಹೊತ್ತು ಬೇಕು ಎಂದಳು.

ಹೊರಗೆ ಗೋವಿಂದ ಟ್ರ್ಯಾಕ್ಟರಿನ ಮೇಲೆ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ. ಹತ್ತಿರ ಹತ್ತಿರ ಹತ್ತು ಕ್ವಿಂಟಲ್ ಜೋಳ ಅವನ ಲೆಕ್ಕದಿಂದ ಜಾರಿತ್ತು. ನಬಿಲಾಲ ಬಾಯಿ ಮುಚ್ಚಿಕೊಂಡರೆ ಸಾಲು ಮುಂದೆ ಸಾಗುತ್ತಿತ್ತು.

ರಾವಸಾಬನೂ ಕೆಂಪು ಅಂಕಿಗಳನ್ನು ನೋಡಿಬಿಟ್ಟಿದ್ದ. ಚೀಟಿಯನ್ನು ಮಡಚಿ ಕಿಸೆಗೆ ಇಳಿಬಿಟ್ಟ. "ಅಚ್ಚಾದದ್ದ ಖರೆ, ನಬಿಲಾಲ. ಮುಂದಿನ ಗಾಡಿ ಹತ್ತಸು."

ನಬಿಲಾಲ ಕಿಟಕಿಯಿಂದ ತಲೆ ಹೊರಹಾಕಿದ.

"ಗೋವಿಂದಣ್ಣ, ಇಳದು ಒಳಗ ಬಾ. ಚೀಟಿ ತಪ್ಪೈತಿ. ಪೆಟಗ್ಯಾಗಿನ ಅಂಕಿ ನೀನ ನೋಡು."

ಗೋವಿಂದ ಬಂದು ನೋಡಿದ. ಅವನ ಹಿಂದೆ ಇನ್ನಷ್ಟು ರೈತರು ಬಂದು ಬಾಗಿಲಲ್ಲಿ ಇಣುಕಿದರು. ರಾವಸಾಬ ಚೀಟಿಯನ್ನು ತೆಗೆದು ಮೇಜಿನ ಮೇಲೆ ಬಿಸಾಡಿದ.

"ಕಂಪ್ಯೂಟರಿಗೆ ವೈನ್ ಕುಡಸೀರಲ್ಲ, ಅದಕ್ಕ ಅಂಕಿ ಉಲ್ಟಾ ಬಿದ್ದಾವ," ಎಂದ. ಯಾರೋ ಒಬ್ಬಿಬ್ಬರು ನಕ್ಕರು. ಅವನು ಹೊರಗೆ ಹೋಗಿ ಡ್ರೈವರುಗಳಿಗೆ ಕೈ ಬೀಸಿದ. ಟ್ರ್ಯಾಕ್ಟರುಗಳು ಒಂದೊಂದಾಗಿ ಹೊಸ ಕಾಟಾದ ಕಡೆ ತಿರುಗಿದವು.

ಸಂಜೆಯ ಹೊತ್ತಿಗೆ ಫರಹತಳಿಗೆ ಆ ಸೆಟ್ಟಿಂಗು ಸಿಕ್ಕಿತು. ಅಂಕಿಗಳು ನೆಟ್ಟಗಾದವು, ಆದರೆ ತೂಗಲು ಗಾಡಿಗಳೇ ಇರಲಿಲ್ಲ. ಆ ಸುಗ್ಗಿಯಲ್ಲಿ ರಾವಸಾಬನ ಒಂದು ಮಾಲೂ ನಬಿಲಾಲನ ಕಾಟಾಕ್ಕೆ ಬರಲಿಲ್ಲ. ಗೋವಿಂದನ ಒಂಬೈನೂರಾ ತೊಂಬತ್ತು ಕಿಲೊ ಜೋಳ ಮಾತ್ರ ಅವನ ಲೆಕ್ಕದಲ್ಲೇ ಉಳಿಯಿತು.